ವೈನ್ ಇಲ್ಲದ ನಿಂಬೆ ಬೆಣ್ಣೆ ಕೋಳಿ: ಯಾವ ಹುಳಿ, ಯಾವ ಬೆಣ್ಣೆ, ಯಾವ ತುಂಡು

ನಮ್ಮ ಭಾವ ಮಡಗಾಂವಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾರೆ. ರಜೆಗೆ ಕಾರವಾರಕ್ಕೆ ಬಂದಾಗಲೆಲ್ಲ ಏನಾದರೂ ಒಂದು ಹೊಸ ಅಡುಗೆ ಕಲಿಸಿ ಹೋಗುತ್ತಾರೆ. ಲೆಮನ್ ಬಟರ್ ಚಿಕನ್ ಕಲಿಸಿದ್ದೂ ಅವರೇ. ಅವತ್ತು ಕೋಳಿ ಹುರಿದು ತೆಗೆದಿಟ್ಟು, ಇನ್ನು ಅರ್ಧ ಕಪ್ ಬಿಳಿ ವೈನ್ ಬೇಕು ಅಂದು ಬಾಟಲಿ ತೆಗೆದರು. ಆಯಿ ಬಾಗಿಲಲ್ಲೇ ನಿಂತಿದ್ದಳು.

'ತಮಾ, ಅದು ಎಂತದು? ಹುಡುಗ್ರೂ ಉಣ್ಣೂದಲ್ವಾ?' ಎಂದು ನನ್ನನ್ನು ಕೇಳಿದಳು. ಅಳಿಯನನ್ನು ನೇರವಾಗಿ ಕೇಳುವವಳಲ್ಲ.

'ಕುದಿಯುವಾಗ ಎಲ್ಲ ಆವಿಯಾಗಿ ಹೋಗ್ತದೆ ಆಯಿ, ಏನೂ ಉಳಿಯೂದಿಲ್ಲ' ಎಂದರು ಭಾವ.

ಆಯಿ ಮತ್ತೇನೂ ಹೇಳಲಿಲ್ಲ. ಆದರೆ ಊಟಕ್ಕೆ ಕೂತಾಗ 'ನಂಗೆ ಮೊಸರನ್ನ ಸಾಕು' ಅಂದಳು. ಅಕ್ಕನ ಮಕ್ಕಳಿಗೂ ಅವತ್ತು ಬೇರೆ ಆಮ್ಲೆಟ್ ಮಾಡಿದ್ದಾಯ್ತು. ಒಂದೇ ಮನೆಯಲ್ಲಿ ಮೂರು ಊಟ. ಅದು ನನಗೆ ಬಹಳ ಬೇಸರವಾಯಿತು. ರವಿವಾರದ ಕೋಳಿ ಅಂದರೆ ಎಲ್ಲರೂ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣಬೇಕು. ವೈನ್ ಮುಟ್ಟದ ಭಟ್ಕಳದ ಗೆಳೆಯ ಬಂದು ಕೂತರೂ ಅವನು ಕೇಳದೆ ಉಣ್ಣುವಂತಿರಬೇಕು. ಅಲ್ಲಿಂದ ಶುರುವಾಯಿತು ನನ್ನ ಹುಡುಕಾಟ. ವೈನ್ ಜಾಗಕ್ಕೆ ಏನೇನು ಹಾಕಬಹುದು ಎಂದು ಒಂದೊಂದಾಗಿ ಮಾಡಿ ನೋಡಿದೆ. ಯಾವುದು ಸರಿ ಬಂತು, ಯಾವುದು ಬರಲಿಲ್ಲ, ಯಾವ ಮನೆಗೆ ಯಾವುದು ಹೊಂದುತ್ತದೆ ಎಂದು ಇಲ್ಲಿ ಬರೆದಿದ್ದೇನೆ.

ಆವಿಯಾಗಿ ಹೋಗುತ್ತದಾ?

ಮೊದಲು ಇದನ್ನು ಹೇಳಿಬಿಡುತ್ತೇನೆ. ಆಯಿಯ ಅನುಮಾನವೇ ಸರಿ. ಅಮೆರಿಕದ ಕೃಷಿ ಇಲಾಖೆ ಅಡುಗೆಯಲ್ಲಿ ಎಷ್ಟು ಆಲ್ಕೋಹಾಲ್ ಉಳಿಯುತ್ತದೆ ಎಂದು ಒಂದು ಪಟ್ಟಿ ಕೊಟ್ಟಿದೆ. ಅದರ ಪ್ರಕಾರ ಗ್ರೇವಿಗೆ ಬೆರೆಸಿ 15 ನಿಮಿಷ ಕುದಿಸಿದರೂ ಹಾಕಿದ್ದರಲ್ಲಿ ಸುಮಾರು ಶೇಕಡಾ 40 ಉಳಿಯುತ್ತದೆ. ಅರ್ಧ ಗಂಟೆ ಕುದಿಸಿದರೆ 35. ಒಂದು ಗಂಟೆಗೆ 25. ಎರಡೂವರೆ ಗಂಟೆ ಕುದಿಸಿದ ಮೇಲೂ 5 ಉಳಿದಿರುತ್ತದೆ. ಆಲ್ಕೋಹಾಲ್ 78 ಡಿಗ್ರಿಗೆ ಕುದಿಯುತ್ತದೆ ನಿಜ. ಆದರೆ ನೀರಿನ ಜೊತೆ ಬೆರೆತ ಮೇಲೆ ಅದೊಂದೇ ಎದ್ದು ಹೋಗುವುದಿಲ್ಲ.

ನಿಂಬೆ ಬೆಣ್ಣೆ ಕೋಳಿಯ ಗ್ರೇವಿ ಕುದಿಯುವುದು ಹತ್ತು ಹದಿನೈದು ನಿಮಿಷ ಮಾತ್ರ. ಅರ್ಧ ಕಪ್ ಅಂದರೆ 120 ಮಿಲಿ ವೈನ್, ಅದರಲ್ಲಿ ಶೇಕಡಾ 12 ಆಲ್ಕೋಹಾಲ್ ಅಂದುಕೊಂಡರೆ 14 ಮಿಲಿ ಆಯಿತು. ಕುದಿದ ಮೇಲೂ ಐದಾರು ಮಿಲಿ ಆ ಪಾತ್ರೆಯಲ್ಲಿ ಇರುತ್ತದೆ. ದೊಡ್ಡವರಿಗೆ ಅದು ಗೊತ್ತೂ ಆಗಲಿಕ್ಕಿಲ್ಲ. ಆದರೆ ಮಕ್ಕಳು, ಬಸುರಿಯರು, ಧರ್ಮದ ಕಾರಣಕ್ಕೆ ಮುಟ್ಟದವರು, ಕಷ್ಟಪಟ್ಟು ಕುಡಿತ ಬಿಟ್ಟವರು ಅದೇ ಪಾತ್ರೆಯಿಂದ ಉಣ್ಣುವಾಗ 'ಏನೂ ಉಳಿಯುವುದಿಲ್ಲ' ಎಂದು ಹೇಳಿ ಬಡಿಸುವುದು ಸರಿಯಲ್ಲ.

ವೈನ್ ಅಲ್ಲಿ ಮಾಡುತ್ತಿದ್ದ ಕೆಲಸ ಏನು?

ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಕೋಳಿ ಹುರಿದಾಗ ಬಾಣಲೆಯ ತಳಕ್ಕೆ ಕಂದು ಬಣ್ಣದ ಪದರ ಅಂಟುತ್ತದಲ್ಲ, ರುಚಿಯೆಲ್ಲ ಇರುವುದು ಅಲ್ಲಿ. ಅದನ್ನು ಬಿಡಿಸಲು ಒಂದು ದ್ರವ ಬೇಕು. ವೈನ್ ಮೊದಲು ಆ ಕೆಲಸ ಮಾಡುತ್ತದೆ. ಆಮೇಲೆ ಸ್ವಲ್ಪ ಹುಳಿ ಕೊಡುತ್ತದೆ, ಒಂಚೂರು ಸಿಹಿ ಕೊಡುತ್ತದೆ. ಅಷ್ಟೇ. ತಳ ಬಿಡಿಸಲು ಆಲ್ಕೋಹಾಲೇ ಬೇಕೆಂದಿಲ್ಲ, ನೀರೂ ಬಿಡಿಸುತ್ತದೆ.

ಹುಳಿಯ ಲೆಕ್ಕ ನೋಡಿ. ಬಿಳಿ ವೈನಿನಲ್ಲಿ ಲೀಟರಿಗೆ ಸುಮಾರು 6ರಿಂದ 7 ಗ್ರಾಂ ಹುಳಿ ಇರುತ್ತದೆ. ನಿಂಬೆರಸದಲ್ಲಿ ಲೀಟರಿಗೆ 50 ಗ್ರಾಂಗೂ ಜಾಸ್ತಿ. ಅಂದರೆ ಅರ್ಧ ಕಪ್ ವೈನಿನ ಹುಳಿ ಒಂದು ದೊಡ್ಡ ಚಮಚ ನಿಂಬೆರಸದಲ್ಲಿ ಬಂದುಬಿಡುತ್ತದೆ. ಉಳಿದ ಅಳತೆಗೆ ಬೇಕಾದದ್ದು ರುಚಿ ಇರುವ ಒಂದು ನೀರು. ನನ್ನ ಮೊದಲ ಪ್ರಯತ್ನ ಕೆಟ್ಟದ್ದು ಇಲ್ಲೇ. ಅರ್ಧ ಕಪ್ ವೈನ್ ಜಾಗಕ್ಕೆ ಕಾಲು ಕಪ್ ನಿಂಬೆರಸ ಸುರಿದಿದ್ದೆ. ಹುಡುಗರು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡರು.

ಹಾಗಾಗಿ ವೈನಿಗೆ ಬದಲಾಗಿ ಇನ್ನೊಂದು ಬಾಟಲಿ ಹುಡುಕಬೇಡಿ. ಹುಳಿ ಬೇರೆ, ನೀರು ಬೇರೆ, ಸಿಹಿ ಬೇರೆ ಎಂದು ಮೂರು ಪಾಲು ಮಾಡಿ. ಮೂರೂ ನಮ್ಮ ಕರಾವಳಿಯಲ್ಲೇ ಸಿಗುತ್ತವೆ.

ಯಾವ ಹುಳಿ?

ನಿಂಬೆ. ಹೆಸರಲ್ಲೇ ಇದೆ, ಮೊದಲ ಆಯ್ಕೆ ಇದೇ. ಆದರೆ ಒಂದು ವಿಷಯ ಗಮನಿಸಿ. ಹೊರದೇಶದ ಪಾಕವಿಧಾನಗಳಲ್ಲಿ ಹೇಳುವ ಲೆಮನ್ ದೊಡ್ಡದು, ದಪ್ಪ ಸಿಪ್ಪೆಯದು. ನಮಗೆ ಸಂತೆಯಲ್ಲಿ ಸಿಗುವುದು ಸಣ್ಣ, ತೆಳು ಸಿಪ್ಪೆಯ ನಿಂಬೆ. ಇದರ ಹುಳಿ ಚುರುಕು, ಪರಿಮಳವೂ ಬೇರೆ. ಅವರು 'ಒಂದು ಲೆಮನ್' ಎಂದು ಬರೆದಲ್ಲಿ ನಮ್ಮದು ಎರಡು ಬೇಕಾಗುತ್ತದೆ. ಅವರು ಸಿಪ್ಪೆ ತುರಿದು ಧಾರಾಳವಾಗಿ ಹಾಕುತ್ತಾರೆ. ನಮ್ಮ ನಿಂಬೆಯ ಹಳದಿ ಪದರ ಕಾಗದದಷ್ಟು ತೆಳು. ತುರಿಮಣೆ ಸ್ವಲ್ಪ ಒತ್ತಿದರೂ ಒಳಗಿನ ಬಿಳಿ ಸೇರಿ ಕಹಿ ಬರುತ್ತದೆ. ಒಂದೇ ಹಣ್ಣಿನ ಮೇಲೆ ಹಗುರವಾಗಿ ಎರಡು ಸಲ ಎಳೆದರೆ ಸಾಕು.

ಇನ್ನೊಂದು ಮುಖ್ಯ ಮಾತು. ನಿಂಬೆರಸವನ್ನು ಕುದಿಸಬಾರದು. ಕುದಿದರೆ ಪರಿಮಳ ಹೋಗಿ ಕಹಿ ಉಳಿಯುತ್ತದೆ. ಕೋಳಿಗೆ ನಿಂಬೆ ಹಿಂಡಿ ರಾತ್ರಿಯಿಡೀ ಇಡುವುದೂ ಬೇಡ. ಹುಳಿ ಮಾಂಸದ ಹೊರಗಡೆಯನ್ನು ಬೇಯಿಸಿದ ಹಾಗೆ ಮಾಡುತ್ತದೆ. ಆಮೇಲೆ ಎಷ್ಟು ಹುರಿದರೂ ಹಿಟ್ಟು ಹಿಟ್ಟಾಗಿರುತ್ತದೆ. ಉಪ್ಪು ಮೊದಲು, ನಿಂಬೆ ಕಡೆಗೆ. ಒಲೆ ಆರಿಸಿದ ಮೇಲೆ ಹಿಂಡಿ.

ಗಜನಿಂಬೆ. ಹಿತ್ತಲಲ್ಲಿ ಮರ ಇದ್ದವರು ಅದೃಷ್ಟವಂತರು. ಸಿಪ್ಪೆಯ ಪರಿಮಳ ದೊಡ್ಡ ಲೆಮನ್‌ಗೆ ಬಹಳ ಹತ್ತಿರ. ದಪ್ಪ ಇರುವುದರಿಂದ ತುರಿಯಲೂ ಸುಲಭ. ನನಗೆ ಸಿಕ್ಕಾಗ ಸಿಪ್ಪೆ ಇದರದು, ರಸ ಸಣ್ಣ ನಿಂಬೆಯದು ಎಂದು ಎರಡನ್ನೂ ಸೇರಿಸಿ ಹಾಕುತ್ತೇನೆ. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಇದೇ ಜೋಡಿ.

ಮುರುಗಲು. ನಮ್ಮ ಕಡೆ ಮನೆಯಲ್ಲಿ ಒಣ ಮುರುಗಲ ಸಿಪ್ಪೆ ಇಲ್ಲ ಅನ್ನುವುದು ಕಡಿಮೆ. ಕಾರವಾರದಲ್ಲಿ ಸೋಲ ಅನ್ನುತ್ತಾರೆ, ಬೇರೆ ಕಡೆ ಕೋಕಂ, ಪುನರ್ಪುಳಿ. ಬೇಸಿಗೆಯಲ್ಲಿ ನಿಂಬೆ ಬೆಲೆ ಏರುವ ಹೊತ್ತಿಗೇ ಮುರುಗಲು ಹಣ್ಣಾಗುವುದು, ಅದೊಂದು ಅನುಕೂಲ. ನಾಲ್ಕು ಸಿಪ್ಪೆಯನ್ನು ಅರ್ಧ ಕಪ್ ಬೆಚ್ಚಗಿನ ನೀರಲ್ಲಿ ಕಾಲು ಗಂಟೆ ನೆನೆಸಿ, ಕಿವುಚದೆ ಹಾಗೇ ಬಸಿದುಕೊಳ್ಳಿ. ಕಿವುಚಿದರೆ ಒಗರು ಬರುತ್ತದೆ. ಕೆಲವರು ಉಪ್ಪು ಹಾಕಿ ಒಣಗಿಸುತ್ತಾರೆ, ಕೆಲವರು ಹಾಗೇ ಒಣಗಿಸುತ್ತಾರೆ. ಒಂದು ಚೂರು ನಾಲಗೆಗಿಟ್ಟು ನೋಡಿ ಆಮೇಲೆ ಅಡುಗೆಗೆ ಉಪ್ಪು ಹಾಕಿ.

ಮುರುಗಲು ಕುದಿದರೂ ಕಹಿಯಾಗುವುದಿಲ್ಲ. ನಿಂಬೆಗಿಂತ ಇದರ ದೊಡ್ಡ ಗುಣ ಅದು. ಹುಳಿಯೂ ಮೆತ್ತಗೆ. ಹೊಟ್ಟೆ ಉರಿ ಇರುವ ಹಿರಿಯರು ನಮ್ಮ ಮನೆಯಲ್ಲಿ ಇದನ್ನೇ ಇಷ್ಟಪಟ್ಟರು. ಬೆಣ್ಣೆ ಸೇರಿದಾಗ ಗ್ರೇವಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಮಕ್ಕಳಿಗೆ ಅದನ್ನು ನೋಡಿಯೇ ಖುಷಿ. ಆದರೆ ನಿಂಬೆಯ ಆ ತಾಜಾ ಪರಿಮಳ ಇಲ್ಲಿ ಬರುವುದಿಲ್ಲ. ಇದು ಬೇರೆಯದೇ ಅಡುಗೆ, ಒಳ್ಳೆಯ ಅಡುಗೆ. ನಿಂಬೆಯ ರುಚಿಯೇ ಬೇಕು ಅಂದವರು ಮಾತ್ರ ಇದನ್ನು ಆರಿಸಬೇಡಿ. ಕ್ರೀಮ್ ಜೊತೆ ಮುರುಗಲು ಬೇಡ, ಬಣ್ಣ ಮಂಕಾಗುತ್ತದೆ.

ವಿನೆಗರ್. ಅವಸರಕ್ಕೆ ಬರುತ್ತದೆ. ಹುಳಿಯಲ್ಲಿ ಹೆಚ್ಚುಕಡಿಮೆ ನಿಂಬೆರಸದಷ್ಟೇ ಗಟ್ಟಿ, ಹಾಗಾಗಿ ಒಂದು ದೊಡ್ಡ ಚಮಚದ ಮೇಲೆ ಹಾಕಬೇಡಿ. ಮೊದಲೇ ಹಾಕಿ ಚೆನ್ನಾಗಿ ಕುದಿಸಿ, ಆಗ ಮೂಗಿಗೆ ಹೊಡೆಯುವ ವಾಸನೆ ಇಳಿಯುತ್ತದೆ. ಇಲ್ಲಿ ಒಂದು ಮಾತು ಹೇಳಬೇಕು. ಗೋವಾ ಕಡೆಯ ತೆಂಗಿನ ವಿನೆಗರ್ ರುಚಿಯಲ್ಲಿ ಬಹಳ ಮೇಲು. ಆದರೆ ಅದನ್ನು ಮಾಡುವುದು ಹುಳಿತ ಸೇಂದಿಯಿಂದ. ವಿನೆಗರ್ ಆಗುವ ಹೊತ್ತಿಗೆ ಆಲ್ಕೋಹಾಲ್ ಹುಳಿಯಾಗಿ ತಿರುಗಿರುತ್ತದೆ. ಆದರೂ ಮನೆಯಲ್ಲಿ ಯಾರಿಗಾದರೂ ಮನಸ್ಸಿಗೆ ಒಪ್ಪದಿದ್ದರೆ ಕೇಳಿ ಹಾಕಿ. ಅಂಗಡಿಯಲ್ಲಿ ಸಿಗುವ 'ಸಿಂಥೆಟಿಕ್' ಎಂದು ಬರೆದ ಬಿಳಿ ವಿನೆಗರ್‌ಗೆ ಸೇಂದಿಯ ಸಂಬಂಧ ಇಲ್ಲ. ಅದರಲ್ಲಿ ಹುಳಿ ಬಿಟ್ಟು ಬೇರೆ ರುಚಿಯೂ ಇಲ್ಲ.

ಮಾವಿನಕಾಯಿ ತುರಿದು ಹಾಕಿಯೂ ನೋಡಿದ್ದೇನೆ. ಸಾದಾ ಕಾಯಿ ಆದೀತು. ಶಿರಸಿ ಕಡೆಯ ಅಪ್ಪೆಮಿಡಿ ಬೇಡ. ಅದರ ಘಮ ಅಷ್ಟು ಜೋರು, ಬೆಣ್ಣೆ ಇದ್ದದ್ದೇ ಗೊತ್ತಾಗುವುದಿಲ್ಲ. ಅದನ್ನು ಅಪ್ಪೆಹುಳಿಗೆ, ಉಪ್ಪಿನಕಾಯಿಗೇ ಇಡಿ. ಹುಣಸೆಯೂ ಬೇಡ, ಬಣ್ಣ ಕಪ್ಪಾಗಿ ಸಾರಿನ ರುಚಿ ಬರುತ್ತದೆ.

ಯಾವ ನೀರು?

ಹುಳಿಗಿಂತ ಇದೇ ಮುಖ್ಯ ಅಂತ ನನಗೆ ಅನಿಸಿದ್ದು ತಡವಾಗಿ. ಒಂದು ರವಿವಾರ ಕೋಳಿ ಅಂಗಡಿಯಲ್ಲಿ ತೊಡೆಯ ಮೂಳೆ ಬಿಡಿಸಿ ಕೊಡಿ ಅಂದೆ. ಅವರು ಬಿಡಿಸಿದ ಎಲುಬನ್ನು ಬುಟ್ಟಿಗೆ ಹಾಕಹೊರಟರು. ಅದನ್ನೂ ಕಟ್ಟಿಕೊಡಿ ಎಂದು ಕೇಳಿ ತಂದೆ. ಜೊತೆಗೆ ಕತ್ತು, ಬೆನ್ನು, ರೆಕ್ಕೆಯ ತುದಿ. ಕುಕ್ಕರಿಗೆ ಹಾಕಿ ಮುಳುಗುವಷ್ಟು ನೀರು, ನಾಲ್ಕು ಕಾಳುಮೆಣಸು, ಕೊತ್ತಂಬರಿಯ ದಂಟು, ಅರ್ಧ ಈರುಳ್ಳಿ. ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಉಪ್ಪು ಹಾಕಲಿಲ್ಲ. ಸೋಸಿದ ರಸ ಆರಿದ ಮೇಲೆ ಬೆರಳಿಗೆ ಅಂಟಂಟಾಗಿ ಹಿಡಿಯಿತು. ಎಲುಬಿನಿಂದ ಬಿಡುವ ಆ ಅಂಟೇ ಗ್ರೇವಿಗೆ ಮೈ ಕೊಡುತ್ತದೆ. ವೈನ್ ಹಾಕಿದ ಗ್ರೇವಿಯಲ್ಲಿ ನನಗೆ ಹಿಡಿಸಿದ್ದ ಆ ತುಂಬಿದ ರುಚಿ ಇದರಲ್ಲಿ ಅದಕ್ಕಿಂತ ಚೆನ್ನಾಗಿಯೇ ಬಂತು. ಅವತ್ತಿನಿಂದ ಈ ರಸ ಇಲ್ಲದೆ ಮಾಡುವುದನ್ನೇ ಬಿಟ್ಟಿದ್ದೇನೆ.

ಎಳನೀರು ಇನ್ನೊಂದು ಆಯ್ಕೆ. ವೈನಿನ ಒಂಚೂರು ಸಿಹಿ ಇತ್ತಲ್ಲ, ಅದು ಇಲ್ಲಿಂದ ಬರುತ್ತದೆ. ಆದರೆ ಪೂರ್ತಿ ಎಳನೀರಲ್ಲೇ ಮಾಡಿದರೆ ಕುದಿದು ಬತ್ತಿದಾಗ ಸಿಹಿ ಜಾಸ್ತಿಯಾಗುತ್ತದೆ. ಎಲುಬಿನ ರಸ ನಾಲ್ಕು ಪಾಲು, ಎಳನೀರು ಒಂದು ಪಾಲು ಸರಿಯಾದ ಲೆಕ್ಕ. ಚಿಕ್ಕ ಮಕ್ಕಳಿರುವ ಮನೆಗೆ ಇದನ್ನು ಖಂಡಿತ ಹೇಳುತ್ತೇನೆ.

ಎಳನೀರು ಇಲ್ಲದಿದ್ದರೆ ಈರುಳ್ಳಿಯೇ ಸಿಹಿ ಕೊಡುತ್ತದೆ. ಬೇಸಿಗೆಯಲ್ಲಿ ಕುಮಟಾ ಕಡೆ ಹೋದರೆ ಹೆದ್ದಾರಿ ಪಕ್ಕ ಗೊಂಚಲು ಕಟ್ಟಿ ತೂಗುಹಾಕಿರುತ್ತಾರೆ, ಆ ಸಿಹಿ ಈರುಳ್ಳಿ ಒಂದು ಸಾಕು. ಸಣ್ಣ ಉರಿಯಲ್ಲಿ ಮೆತ್ತಗಾಗುವ ತನಕ ಬಾಡಿಸಿದರೆ ಬೇರೆ ಸಿಹಿ ಬೇಕಿಲ್ಲ. ನಾವು ಒಂದು ಗೊಂಚಲು ತಂದು ಅಟ್ಟಕ್ಕೆ ಕಟ್ಟಿಡುತ್ತೇವೆ, ಮಳೆಗಾಲದವರೆಗೂ ಬರುತ್ತದೆ.

ಪ್ಯಾಕೆಟಿನ ದ್ರಾಕ್ಷಿ ರಸ, ಸೇಬಿನ ರಸ ಬಹಳ ಜನ ಹೇಳುವ ಬದಲಿ. ನನಗೆ ಹಿಡಿಸಲಿಲ್ಲ, ಸಕ್ಕರೆ ಹಾಕಿದ ಕೋಳಿ ತಿಂದ ಹಾಗಾಯಿತು. ಸೂಪಿನ ಕ್ಯೂಬ್ ಹಾಕುವುದಾದರೆ ಅಡುಗೆಗೆ ಬೇರೆ ಉಪ್ಪು ಹಾಕಲೇಬೇಡಿ.

ಬೆಣ್ಣೆಯ ವಿಚಾರ

ಬೆಣ್ಣೆಯಲ್ಲಿ ಸುಮಾರು ಶೇಕಡಾ 80 ಕೊಬ್ಬು. ಉಳಿದದ್ದು ನೀರು, ಸ್ವಲ್ಪ ಹಾಲಿನ ಅಂಶ. ಈ ಹಾಲಿನ ಅಂಶವೇ ಗ್ರೇವಿಯನ್ನು ಕೂಡಿಸುವುದು, ಬಾಣಲೆ ಕಾದಾಗ ಕರಟುವುದೂ ಅದೇ. ಸುಮಾರು 150 ಡಿಗ್ರಿ ದಾಟಿದರೆ ಕಪ್ಪಗಾಗಲು ಶುರು. ಕೋಳಿ ಬಣ್ಣ ಬರುವ ಹಾಗೆ ಹುರಿಯಲು ಅದಕ್ಕಿಂತ ಬಿಸಿ ಬೇಕು. ಬೆಣ್ಣೆಗೆ ಒಂದು ಚಮಚ ಎಣ್ಣೆ ಸೇರಿಸಿದರೆ ಕರಟುವುದಿಲ್ಲ ಅನ್ನುತ್ತಾರೆ. ಅದು ಸರಿಯಲ್ಲ. ಎಣ್ಣೆ ಸೇರಿದರೂ ಹಾಲಿನ ಅಂಶ ಅಲ್ಲೇ ಇರುತ್ತದಲ್ಲ, ಕರಟಿಯೇ ಕರಟುತ್ತದೆ.

ಹಾಗಾದರೆ ಹುರಿಯಲು ತುಪ್ಪ, ಕೊನೆಗೆ ಬೆಣ್ಣೆ. ತುಪ್ಪದಲ್ಲಿ ಹಾಲಿನ ಅಂಶ ಇಲ್ಲ, ಎಷ್ಟು ಬಿಸಿಯಾದರೂ ತಡೆಯುತ್ತದೆ. ಹೊಗೆ ಬರುವುದು 250 ಡಿಗ್ರಿಯ ಹತ್ತಿರ. ಆದರೆ ಪೂರ್ತಿ ತುಪ್ಪದಲ್ಲೇ ಮುಗಿಸಲು ಹೋಗಬೇಡಿ. ತುಪ್ಪ ಗ್ರೇವಿಯ ಜೊತೆ ಕೂಡುವುದಿಲ್ಲ, ಮೇಲೆ ತೇಲುತ್ತದೆ.

ಮನೆಯಲ್ಲಿ ಕಡೆದ ಬೆಣ್ಣೆಯೋ, ಅಂಗಡಿಯ ಉಪ್ಪು ಬೆಣ್ಣೆಯೋ? ಮನೆ ಬೆಣ್ಣೆಗೆ ಮಜ್ಜಿಗೆಯ ಸಣ್ಣ ಹುಳಿ ಇರುತ್ತದೆ. ಈ ಅಡುಗೆಗೆ ಅದು ಬಹಳ ಚೆಂದ. ನೀರಿನ ಅಂಶ ಜಾಸ್ತಿ ಇರುವುದರಿಂದ ತಣ್ಣೀರಲ್ಲಿ ತೊಳೆದು, ಹಿಂಡಿ, ಫ್ರಿಜ್ಜಿನಲ್ಲಿ ಗಟ್ಟಿಮಾಡಿಕೊಳ್ಳಿ. ಅಂಗಡಿ ಬೆಣ್ಣೆ ಅಳತೆಗೆ ಸುಲಭ, ಪ್ರತಿ ಸಲ ಒಂದೇ ರುಚಿ. ಆದರೆ ಅದರಲ್ಲಿ ಆಗಲೇ ಉಪ್ಪಿದೆ. ಕೋಳಿಗೆ ಹಾಕುವ ಉಪ್ಪನ್ನು ಅರ್ಧಕ್ಕಿಳಿಸಿ. ಸಾಣಿಕಟ್ಟೆಯ ಹರಳು ಉಪ್ಪು ಬಳಸುವವರು ಮೊದಲು ಕುಟ್ಟಿ ಪುಡಿಮಾಡಿಕೊಳ್ಳಿ, ಹರಳಿಗೂ ಪುಡಿಗೂ ಚಮಚದ ಲೆಕ್ಕ ಬೇರೆಯಾಗುತ್ತದೆ. ಎರಡು ಬೆಣ್ಣೆಯಲ್ಲಿ ಒಂದನ್ನು ಆರಿಸು ಅಂದರೆ ನಾನು ಮನೆ ಬೆಣ್ಣೆಗೆ ಕೈ ಹಾಕುತ್ತೇನೆ. ತೆಂಗಿನೆಣ್ಣೆ ನಮ್ಮ ಮೀನಿಗೆ ಸರಿ, ಇಲ್ಲಿ ಬೆಣ್ಣೆಯ ಪರಿಮಳವನ್ನು ಮುಚ್ಚಿಬಿಡುತ್ತದೆ.

ಕೋಳಿಯ ಯಾವ ತುಂಡು?

ಎದೆಯ ತುಂಡು ಬೇಗ ಬೇಯುತ್ತದೆ, ನೋಡಲು ಚೆಂದ, ಕೊಬ್ಬು ಕಡಿಮೆ. ಆದರೆ ಹದ ತಪ್ಪಿದರೆ ಎರಡೇ ನಿಮಿಷಕ್ಕೆ ಒಣಗಿ ನಾರಾಗುತ್ತದೆ. ಕೋಳಿ ಒಳಗೆ 74 ಡಿಗ್ರಿ ಮುಟ್ಟಿದರೆ ಬೆಂದ ಹಾಗೆ. ಎದೆಗೆ ಅಲ್ಲಿಗೇ ನಿಲ್ಲಿಸಬೇಕು. ತೊಡೆಯ ತುಂಡಿಗೆ ಹಾಗಿಲ್ಲ, ಇನ್ನೂ ಹತ್ತು ಡಿಗ್ರಿ ಮೇಲೆ ಹೋದರೂ ಮೆತ್ತಗೇ ಇರುತ್ತದೆ, ಇನ್ನೂ ರುಚಿಯಾಗುತ್ತದೆ. ಮಕ್ಕಳನ್ನು ಕರೆದು ಕೂರಿಸುವುದರಲ್ಲಿ ಐದು ನಿಮಿಷ ಹೋಗುವ ಮನೆಗಳಲ್ಲಿ ತೊಡೆಯೇ ನಂಬಿಕೆಯ ತುಂಡು. ಹಲ್ಲು ಕಮ್ಮಿಯಾದ ಆಯಿಗೂ ಅದೇ ಸುಲಭ.

ಎಲುಬು ಸಹಿತ ಸಾರಿನ ತುಂಡು ಹಾಕಿದರೆ ರುಚಿ ಹೆಚ್ಚು, ನಿಜ. ಆದರೆ ಕತ್ತಿಯಲ್ಲಿ ಕಡಿದಾಗ ಬರುವ ಎಲುಬಿನ ಚೂರು ಬಿಳಿ ಗ್ರೇವಿಯಲ್ಲಿ ಕಾಣುವುದೇ ಇಲ್ಲ. ಚಿಕ್ಕವರಿಗೆ ಬಡಿಸುವಾಗ ಭಯ. ಎಲುಬಿನ ರುಚಿಯನ್ನು ನಾವು ರಸದಲ್ಲಿ ತೆಗೆದುಕೊಂಡಾಗಿದೆಯಲ್ಲ. ತುಂಡಿಗೆ ಎಲುಬು ಬೇಡ.

ಊರ ಕೋಳಿ ಸಿಕ್ಕರೆ ಅದನ್ನು ಸಾರು ವಡೆಗೆ ಇಟ್ಟುಕೊಳ್ಳಿ. ಅದು ಬೇಯಲು ಹೊತ್ತು ಬೇಕು, ಹದಿನೈದು ನಿಮಿಷದ ಅಡುಗೆಗೆ ಹೊಂದುವುದಿಲ್ಲ. ಅದರ ಎಲುಬಿನ ರಸ ಮಾತ್ರ ಸಿಕ್ಕರೆ ಬಿಡಬೇಡಿ.

ಯಾವ ತುಂಡಾದರೂ ಹುರಿಯುವ ಮೊದಲು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಒದ್ದೆ ಇದ್ದರೆ ಕೋಳಿ ಹುರಿಯುವುದಿಲ್ಲ, ಬೇಯುತ್ತದೆ. ತಳದಲ್ಲಿ ಆ ಕಂದು ಪದರವೇ ಬರುವುದಿಲ್ಲ.

ಬಾಣಲೆ ಮತ್ತು ಮಂದ

ಕಬ್ಬಿಣದ ಬಾಣಲೆಯಲ್ಲಿ ಕೋಳಿ ಬಹಳ ಚೆನ್ನಾಗಿ ಬಣ್ಣ ಬರುತ್ತದೆ ಎಂದು ಅದರಲ್ಲೇ ಮಾಡಿದೆ. ನಿಂಬೆ ಹಿಂಡಿದೆ. ನೋಡನೋಡುತ್ತ ಬೆಣ್ಣೆಯ ಗ್ರೇವಿ ಬೂದಿ ಬಣ್ಣಕ್ಕೆ ತಿರುಗಿತು, ಬಾಯಿಗೆ ಕಬ್ಬಿಣದ ರುಚಿ. ಹುಳಿ ಬೀಳುವ ಅಡುಗೆಗೆ ಕಬ್ಬಿಣ, ಅಲ್ಯೂಮಿನಿಯಂ ಎರಡೂ ಬೇಡ. ನಾನ್‌ಸ್ಟಿಕ್ ಆದೀತು, ಆದರೆ ಅದಕ್ಕೆ ಏನೂ ಅಂಟುವುದಿಲ್ಲ, ಆದ್ದರಿಂದ ತಳದ ಕಂದೂ ಕಡಿಮೆ. ದಪ್ಪ ತಳದ ಸ್ಟೀಲ್ ಪಾತ್ರೆಯೇ ಇದಕ್ಕೆ ಸರಿ.

ಗ್ರೇವಿ ಮಂದವಾಗಲು ಮೈದಾ, ಕಾರ್ನ್‌ಫ್ಲೋರ್ (ಮೆಕ್ಕೆಜೋಳದ ಪಿಷ್ಟ), ಗೇರುಬೀಜ, ಕ್ರೀಮ್ ಹೀಗೆ ನಾಲ್ಕು ದಾರಿ. ಕಾರ್ನ್‌ಫ್ಲೋರ್ ಹುಳಿಯ ಜೊತೆ ಕುದಿದರೆ ಮತ್ತೆ ನೀರಾಗುತ್ತದೆ. ಕ್ರೀಮ್ ಮಕ್ಕಳಿಗೆ ಇಷ್ಟ. ನಿಂಬೆ ಬಿದ್ದ ಮೇಲೆ ಕುದಿಸಿದರೆ ಒಡೆದೀತು, ಒಲೆ ಆರಿಸಿಯೇ ಬೆರೆಸಬೇಕು. ಹಾಲು ಹಾಕಿದರಂತೂ ಒಡೆಯುವುದು ಖಾತ್ರಿ. ನೆನೆಸಿ ಅರೆದ ಎಂಟು ಹತ್ತು ಗೇರುಬೀಜ ಒಡೆಯುವುದಿಲ್ಲ, ಮೈದಾದ ಹಾಗೆ ಹಸಿ ವಾಸನೆಯೂ ಇಲ್ಲ, ನಮ್ಮ ಊರಲ್ಲೇ ಬೆಳೆಯುವುದು. ನನ್ನ ಮತ ಅದಕ್ಕೆ. ಹೊರಗಿನ ಮಕ್ಕಳು ಊಟಕ್ಕೆ ಬಂದಿದ್ದರೆ ಮಾತ್ರ ಗೇರುಬೀಜ ಆಗುತ್ತದಾ ಎಂದು ಅವರ ಮನೆಯವರನ್ನು ಕೇಳಿಕೊಳ್ಳಿ. ಕೆಲವರಿಗೆ ಅದು ಅಲರ್ಜಿ. ಆಗ ಮೈದಾಕ್ಕೆ ಬನ್ನಿ.

ನಮ್ಮ ಮನೆಯ ಅಳತೆ

ಐದು ಜನರಿಗೆ ಎಲುಬು ಬಿಡಿಸಿದ ತೊಡೆ ಮಾಂಸ 700 ಗ್ರಾಂ. ಅರ್ಧ ಗಂಟೆ ಮೊದಲು ಒಂದು ಸಣ್ಣ ಚಮಚ ಉಪ್ಪು ಸವರಿಡಿ. ತುಪ್ಪ ಒಂದೂವರೆ ದೊಡ್ಡ ಚಮಚ, ಬೆಣ್ಣೆ 50 ಗ್ರಾಂ, ಈರುಳ್ಳಿ ಒಂದು, ಬೆಳ್ಳುಳ್ಳಿ ಆರು ಎಸಳು, ಎಲುಬಿನ ರಸ ಒಂದು ಕಪ್, ಎಳನೀರು ಕಾಲು ಕಪ್, ಅರೆದ ಗೇರುಬೀಜ, ನಿಂಬೆ ಎರಡು. ಶಿರಸಿಯ ಕಾಳುಮೆಣಸು ಸಿಕ್ಕರೆ ಅದನ್ನೇ ತರಿತರಿ ಕುಟ್ಟಿಕೊಳ್ಳಿ. ಪುಡಿ ಪ್ಯಾಕೆಟಿನ ಮೆಣಸಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಬೆಣ್ಣೆಯನ್ನು ಸಣ್ಣ ಚೌಕ ತುಂಡು ಮಾಡಿ ಫ್ರಿಜ್ಜಿನಲ್ಲೇ ಇಡಿ. ಕಡೆಯ ಗಳಿಗೆಯವರೆಗೂ ತಣ್ಣಗಿರಬೇಕು.

ತುಪ್ಪ ಕಾಯಿಸಿ, ಒರೆಸಿದ ಕೋಳಿಯನ್ನು ಒಂದಕ್ಕೊಂದು ತಾಗದಂತೆ ಹಾಕಿ. ನಾಲ್ಕು ನಿಮಿಷ ಮುಟ್ಟಬೇಡಿ. ಬಣ್ಣ ಬಂದ ಮೇಲೆ ಅದಾಗಿಯೇ ತಳ ಬಿಡುತ್ತದೆ. ಮಗುಚಿ ಮೂರು ನಿಮಿಷ. ತೆಗೆದು ತಟ್ಟೆಗೆ ಹಾಕಿ. ಉರಿ ಇಳಿಸಿ ಅದೇ ಪಾತ್ರೆಗೆ ಈರುಳ್ಳಿ, ಅದು ಮೆತ್ತಗಾದ ಮೇಲೆ ಬೆಳ್ಳುಳ್ಳಿ. ಬೆಳ್ಳುಳ್ಳಿ ಕೆಂಪಾಗಬಾರದು, ಕಹಿ ಬರುತ್ತದೆ. ಈಗ ಎಲುಬಿನ ರಸ, ಎಳನೀರು ಸುರಿದು ಮರದ ಸೌಟಿನಿಂದ ತಳ ಉಜ್ಜಿ. ಕಂದು ಪದರ ಚೂರುಚೂರಾಗಿ ಎದ್ದು ರಸದಲ್ಲಿ ಕರಗುತ್ತದೆ. ರಸದ ಬಣ್ಣ ತಿರುಗುವುದು ಕಣ್ಣಿಗೇ ಕಾಣುತ್ತದೆ, ಮನೆ ತುಂಬ ಘಮ ಹರಡುತ್ತದೆ. ಅರ್ಧದಷ್ಟು ಬತ್ತಲಿ. ಗೇರುಬೀಜ ಹಾಕಿ, ಕೋಳಿಯನ್ನು ಅದರ ನೀರಿನ ಸಮೇತ ಮರಳಿ ಹಾಕಿ, ಮುಚ್ಚಿ ಐದಾರು ನಿಮಿಷ ಬೇಯಿಸಿ. ಒಂದು ದಪ್ಪ ತುಂಡನ್ನು ಕೊಯ್ದು ನೋಡಿ. ಒಳಗೆ ಗುಲಾಬಿ ಇರಬಾರದು, ಬರುವ ನೀರು ತಿಳಿಯಾಗಿರಬೇಕು.

ಒಲೆ ಆರಿಸಿ. ಕುದಿ ನಿಂತ ಮೇಲೆ ತಣ್ಣನೆಯ ಬೆಣ್ಣೆಯನ್ನು ಎರಡೆರಡು ತುಂಡು ಹಾಕುತ್ತ ಪಾತ್ರೆಯನ್ನು ಹಿಡಿದು ತಿರುಗಿಸುತ್ತಿರಿ. ಒಂದು ಕರಗಿದ ಮೇಲೆ ಇನ್ನೊಂದು. ಗ್ರೇವಿ ಹೊಳೆಯಲು ಶುರುವಾಗುತ್ತದೆ, ಸೌಟಿನ ಬೆನ್ನಿಗೆ ಹಿಡಿಯುತ್ತದೆ. ಎಣ್ಣೆ ಬಿಟ್ಟು ಮೇಲೆ ತೇಲಿದರೆ ಗಾಬರಿ ಬೇಡ. ಒಂದು ದೊಡ್ಡ ಚಮಚ ತಣ್ಣೀರು ಹಾಕಿ ಜೋರಾಗಿ ಕಲಸಿ, ಮತ್ತೆ ಕೂಡುತ್ತದೆ. ಆಮೇಲೆ ಒಂದೂವರೆ ನಿಂಬೆಯ ರಸ, ಸಿಪ್ಪೆಯ ತುರಿ. ರುಚಿ ನೋಡಿ. ಉಳಿದರ್ಧವನ್ನು ಹೋಳು ಮಾಡಿ ಊಟದ ಜಾಗದಲ್ಲಿಡಿ, ಹುಳಿ ಬೇಕಾದವರು ಹಿಂಡಿಕೊಳ್ಳುತ್ತಾರೆ. ಕಾಳುಮೆಣಸನ್ನೂ ಹಾಗೇ ಮಾಡಿ. ಪಾತ್ರೆಗೆ ಚಿಟಿಕೆ ಹಾಕಿ ಮಕ್ಕಳಿಗೆ ಬಡಿಸಿ, ದೊಡ್ಡವರು ಮೇಲೆ ಉದುರಿಸಿಕೊಳ್ಳಲಿ. ಪಾರ್ಸ್ಲಿ ಹುಡುಕಿಕೊಂಡು ಅಲೆಯಬೇಡಿ, ಎಳೆ ಕೊತ್ತಂಬರಿ ಹೆಚ್ಚಿ ಹಾಕಿದರೆ ಆಯಿತು.

ಮುರುಗಲಲ್ಲಿ ಮಾಡುವುದಾದರೆ ಎಳನೀರಿನ ಜೊತೆಗೇ ಅದರ ನೀರನ್ನು ಹಾಕಿ ಕುದಿಸಿ, ಎಲುಬಿನ ರಸವನ್ನು ಅಷ್ಟೇ ಕಡಿಮೆ ಮಾಡಿ. ಕೊನೆಗೆ ನಿಂಬೆ ಬೇಡ.

ಪಾವ್ ಜೊತೆಗೂ ಚೆನ್ನಾಗಿರುತ್ತದೆ, ಅನ್ನಕ್ಕೂ ಸರಿ. ನಮ್ಮ ಮನೆಯಲ್ಲಿ ಗೆದ್ದದ್ದು ತೆಳ್ಳೇವು. ಕಾಗದದ ಹಾಗಿರುವ ಆ ದೋಸೆ ಗ್ರೇವಿಯನ್ನು ಹೀರಿಕೊಳ್ಳುವಷ್ಟು ಬೇರೇನೂ ಹೀರುವುದಿಲ್ಲ. ಆಯಿ ಕಾವಲಿ ಮುಂದೆ ಕೂತು ಒಂದೊಂದೇ ಎಬ್ಬಿಸಿ ಹಾಕುತ್ತಾಳೆ. ಕಡೆಗೆ ತನ್ನ ತಟ್ಟೆಗೂ ಎರಡು ಹಾಕಿಕೊಂಡು, 'ತಮಾ, ಆ ಬೆಣ್ಣೆ ರಸ ಇನ್ನೊಂದು ಸೌಟು ಹಾಕು' ಅನ್ನುತ್ತಾಳೆ.